ಒನ್ ವೇಯಲ್ಲಿ ಎದುರು ಬರುವ ಸೈಕಲ್

ದಾವಣಗೆರೆಯ ಹಳೇ ಪೇಟೆಯ ಕಡೆ ಬೆಳಿಗ್ಗೆ ಏಳು ಗಂಟೆಗೆ ಹೋದರೆ ಮಂಡಕ್ಕಿ ಸೈಕಲ್‌ಗಳು ಕಾಣುತ್ತವೆ. ಭಟ್ಟಿಯಿಂದ ಬಂದ ಮಂಡಕ್ಕಿಯನ್ನು ಎದೆಮಟ್ಟದ ಚೀಲಗಳಲ್ಲಿ ತುಂಬಿ, ಕ್ಯಾರಿಯರ್ ಮೇಲೆ ನಿಲ್ಲಿಸಿ, ಹಗ್ಗದಿಂದ ಬಿಗಿದಿರುತ್ತಾರೆ. ನೋಡಲು ಬೆಟ್ಟದಂತಿರುವ ಆ ಚೀಲಕ್ಕೆ ತೂಕವೇ ಇರುವುದಿಲ್ಲ. ಸೈಕಲ್‌ಗೆಂದೇ ಹುಟ್ಟಿದ ಸರಕು ಅದು.

ಹಾಗೆ ಚೀಲ ಹೊತ್ತು ಬರುವ ಹಿರಿಯರೊಬ್ಬರನ್ನು ನಾನು ಬಹಳ ದಿನಗಳಿಂದ ನೋಡುತ್ತಿದ್ದೇನೆ. ಒಂದು ಗಲ್ಲಿಯ ಬಾಯಿಗೆ ಬಂದೊಡನೆ ಅವರು ಸೈಕಲ್ಲಿನಿಂದ ಇಳಿಯುತ್ತಾರೆ. ಅಲ್ಲಿ ಕೆಂಪು ವೃತ್ತದಲ್ಲಿ ಬಿಳಿ ಪಟ್ಟಿಯ ಫಲಕವಿದೆ, ಗಲ್ಲಿ ಒನ್ ವೇ. ಸುಮಾರು 140 ಮೀಟರ್ ಸೈಕಲ್ ತಳ್ಳಿಕೊಂಡು ನಡೆದು, ಆ ತುದಿಯಲ್ಲಿ ಮತ್ತೆ ಹತ್ತುತ್ತಾರೆ. ಏಕೆ ಇಳಿಯುತ್ತೀರಿ ಎಂದು ಒಮ್ಮೆ ಕೇಳಿದೆ. ಬೋರ್ಡ್ ಹಾಕಿದ್ದಾರಲ್ಲ ಎಂದರು. ಅವರ ಪಕ್ಕದಲ್ಲೇ ಎರಡು ಬೈಕುಗಳು ಅದೇ ಬೋರ್ಡಿನ ಕೆಳಗೆ ಎದುರು ದಿಕ್ಕಿಗೆ ನುಗ್ಗಿದವು.

ಅವರು ಇಳಿದದ್ದರಿಂದ ಗಲ್ಲಿಗೆ ಏನು ಲಾಭವಾಯಿತು ಎಂದು ಲೆಕ್ಕ ಹಾಕಿ ನೋಡಿ. ಸೈಕಲ್ ಸವಾರನ ಅಗಲವೆಂದರೆ ಹ್ಯಾಂಡಲ್‌ನ ಅಗಲ, ಸುಮಾರು 60 ಸೆಂಟಿಮೀಟರ್. ಸೈಕಲ್ ಪಕ್ಕದಲ್ಲಿ ಮನುಷ್ಯ ನಡೆದರೆ ಅಗಲ ಒಂದು ಮೀಟರ್ ದಾಟುತ್ತದೆ. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ತುಳಿದಿದ್ದರೆ ಅವರು 42 ಸೆಕೆಂಡಿನಲ್ಲಿ ಆಚೆ ಇರುತ್ತಿದ್ದರು. ತಳ್ಳಿಕೊಂಡು ಹೋದದ್ದರಿಂದ ಎರಡು ನಿಮಿಷಕ್ಕೂ ಮೀರಿ ರಸ್ತೆಯಲ್ಲಿದ್ದರು. ನಿಯಮ ಪಾಲಿಸಿದ ಮನುಷ್ಯ ಹೆಚ್ಚು ಜಾಗವನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳಬೇಕಾಯಿತು. ಇದಕ್ಕಿರುವ ಇನ್ನೊಂದು ದಾರಿ ಬಸ್ಸು, ಲಾರಿಗಳು ಓಡುವ ದೊಡ್ಡ ರಸ್ತೆಗೆ ಹೋಗಿ ಸುತ್ತು ಹಾಕುವುದು. ಬೈಕಿಗೆ ಆ ಸುತ್ತು ಒಂದು ಗುಟುಕು ಪೆಟ್ರೋಲ್. ಸೈಕಲ್ಲಿನವರಿಗೆ ಅದು ಕಾಲಿನ ಶಕ್ತಿ, ಜೊತೆಗೆ ಲಾರಿಗಳ ಪಕ್ಕದಲ್ಲಿ ಕಳೆಯಬೇಕಾದ ನಿಮಿಷಗಳು.

ಏಕಮುಖ ಸಂಚಾರ ಹುಟ್ಟಿದ್ದು ಮೋಟಾರು ವಾಹನಗಳ ಸಮಸ್ಯೆಗೆ ಪರಿಹಾರವಾಗಿ. ನಾಲ್ಕು ದಿಕ್ಕಿನಿಂದ ಬರುವ ಸಾಧಾರಣ ಕೂಡುರಸ್ತೆಯಲ್ಲಿ, ಎಲ್ಲ ರಸ್ತೆಗಳೂ ಇಮ್ಮುಖವಾಗಿದ್ದರೆ, ವಾಹನಗಳ ದಾರಿಗಳು 32 ಕಡೆ ಒಂದನ್ನೊಂದು ಸಂಧಿಸುತ್ತವೆ. ಒಂದು ದಿಕ್ಕನ್ನು ಮುಚ್ಚಿದರೆ ಈ ಸಂಖ್ಯೆ ಥಟ್ಟನೆ ಇಳಿಯುತ್ತದೆ. ಎರಡು ಕಾರುಗಳು ಎದುರುಬದುರಾಗಿ ಸಿಕ್ಕಿಬೀಳುವ ಗಲ್ಲಿಗೆ ಇದು ಒಳ್ಳೆಯ ಔಷಧ. ಆದರೆ ಸೈಕಲ್‌ಗೆ ಆ ರೋಗವೇ ಇರಲಿಲ್ಲ. ಕಾರು ನುಗ್ಗದ ಜಾಗದಲ್ಲಿ ಸೈಕಲ್ ಸಲೀಸಾಗಿ ಹೋಗುತ್ತದೆ. ಕಾರಿಗಾಗಿ ಬರೆದ ಚೀಟಿಯ ಔಷಧವನ್ನು ನಾವು ಸೈಕಲ್‌ಗೂ ಕುಡಿಸುತ್ತಿದ್ದೇವೆ.

ಈ ತಪ್ಪನ್ನು ಕೆಲವು ದೇಶಗಳು ಬಹಳ ಹಿಂದೆಯೇ ತಿದ್ದಿಕೊಂಡಿವೆ. ಜರ್ಮನಿಯು 1997ರ ಸೆಪ್ಟೆಂಬರ್‌ನಲ್ಲಿ ಒನ್ ವೇ ರಸ್ತೆಗಳಲ್ಲಿ ಸೈಕಲ್‌ಗಳು ಎದುರು ದಿಕ್ಕಿಗೆ ಸಾಗಲು ಪ್ರಾಯೋಗಿಕವಾಗಿ ಅನುಮತಿ ಕೊಟ್ಟಿತು. ಅದಕ್ಕೆ ಕೆಲವೇ ದಿನಗಳ ಮೊದಲು, ಆಗಸ್ಟ್ 15ರಂದು, ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ನಮ್ಮ ಜಿಲ್ಲೆಗೆ ಎಷ್ಟು ವಯಸ್ಸೋ ಆ ನಿಯಮಕ್ಕೂ ಅಷ್ಟೇ ವಯಸ್ಸು. ಪ್ರಯೋಗದ ಅವಧಿಯಲ್ಲಿ ಅಪಘಾತಗಳು ಹೆಚ್ಚಲಿಲ್ಲವಾದ್ದರಿಂದ ಕೆಲವೇ ವರ್ಷಗಳಲ್ಲಿ ಅದು ಕಾಯಂ ನಿಯಮವಾಯಿತು. ಬೆಲ್ಜಿಯಂ ಇನ್ನೂ ಮುಂದೆ ಹೋಯಿತು. 2004ರಿಂದ ಅಲ್ಲಿ ಕನಿಷ್ಠ 3 ಮೀಟರ್ ಅಗಲವಿರುವ, ವೇಗದ ಮಿತಿ 50 ಕಿಲೋಮೀಟರ್ ದಾಟದ ಒನ್ ವೇಗಳನ್ನು ಸೈಕಲ್‌ಗೆ ಎರಡೂ ದಿಕ್ಕಿನಲ್ಲಿ ತೆರೆಯಲೇಬೇಕು. ಬೇಡವೆನ್ನುವ ಅಧಿಕಾರಿಯೇ ಸುರಕ್ಷತೆಯ ಕಾರಣ ಕೊಡಬೇಕು. ಫ್ರಾನ್ಸ್ 2008ರಲ್ಲಿ 30 ಕಿಲೋಮೀಟರ್ ಮಿತಿಯ ವಲಯಗಳಿಗೆ ಇದನ್ನೇ ಸಾಮಾನ್ಯ ನಿಯಮ ಮಾಡಿತು.

ಬೆಲ್ಜಿಯಂನ 3 ಮೀಟರ್ ಎಲ್ಲಿಂದ ಬಂದಿರಬಹುದು ಎಂದು ಟೇಪು ಹಿಡಿದೇ ಅರ್ಥ ಮಾಡಿಕೊಳ್ಳಬಹುದು. ಸಣ್ಣ ಕಾರು ಸುಮಾರು 1.7 ಮೀಟರ್ ಅಗಲ, ಸೈಕಲ್ 0.6 ಮೀಟರ್. ಕೂಡಿಸಿದರೆ 2.3. ಉಳಿದ 70 ಸೆಂಟಿಮೀಟರ್ ಇಬ್ಬರ ನಡುವಿನ ಮತ್ತು ಅಂಚಿನ ಅಂತರಕ್ಕೆ. ಆಟೋರಿಕ್ಷಾ 1.3 ಮೀಟರ್ ಮಾತ್ರ ಇರುವುದರಿಂದ ಅದರ ಎದುರು ಇನ್ನೂ ಆರಾಮ. ಆದರೆ ಬಸ್ಸು ಎರಡೂವರೆ ಮೀಟರ್ ಅಗಲ. ಬಸ್ಸು ಓಡುವ ಕಿರಿದಾದ ಒನ್ ವೇಯಲ್ಲಿ ಎದುರು ಸೈಕಲ್ ಬಿಡಬೇಕೆಂದು ನಾನು ಖಂಡಿತ ಹೇಳುವುದಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಎದುರಿನಿಂದ ಬರುವ ವಾಹನಕ್ಕೆ ಮುಖಾಮುಖಿಯಾಗುವುದು ಹೆಚ್ಚು ಅಪಾಯವಲ್ಲವೇ? ಪ್ರಶ್ನೆ ಸರಿಯಾಗಿಯೇ ಇದೆ. ಸೈಕಲ್ 15 ಕಿಲೋಮೀಟರ್, ಬೈಕು 30 ಕಿಲೋಮೀಟರ್ ವೇಗದಲ್ಲಿದ್ದರೆ, ಒಂದೇ ದಿಕ್ಕಿನಲ್ಲಿ ಸಾಪೇಕ್ಷ ವೇಗ 15, ಎದುರುಬದುರಾದರೆ 45. ಡಿಕ್ಕಿಯಾದರೆ ಎದುರಿನ ಪೆಟ್ಟು ಜೋರು ಎಂಬುದರಲ್ಲಿ ಎರಡು ಮಾತಿಲ್ಲ. ಹಾಗಾದರೆ ಡಿಕ್ಕಿ ಆಗುವ ಸಂಭವವೂ ಅಷ್ಟೇ ಏರುತ್ತದೆಯೇ?

ರಸ್ತೆಯಲ್ಲಿ ನೂರು ಮೀಟರ್‌ಗೆ ಒಂದರಂತೆ ವಾಹನಗಳು 30ರ ವೇಗದಲ್ಲಿ ಬರುತ್ತಿವೆ ಎಂದುಕೊಳ್ಳಿ. ಸೈಕಲ್ ಒಂದು ಕಿಲೋಮೀಟರ್ ಸಾಗಲು ನಾಲ್ಕು ನಿಮಿಷ ಬೇಕು. ಅದೇ ದಿಕ್ಕಿನಲ್ಲಿ ಹೋದರೆ ಅಷ್ಟರಲ್ಲಿ ಹತ್ತು ವಾಹನಗಳು ಹಿಂದಿನಿಂದ ಬಂದು ಸೈಕಲ್ ದಾಟುತ್ತವೆ. ಎದುರು ಹೋದರೆ ಮೂವತ್ತು ವಾಹನಗಳು ಸಿಗುತ್ತವೆ. ಮೂರು ಪಟ್ಟು! ಆದರೆ ಪ್ರತಿ ವಾಹನ ಸೈಕಲ್ ಪಕ್ಕದಲ್ಲಿರುವ ಹೊತ್ತನ್ನೂ ನೋಡಬೇಕು. ಐದು ಮೀಟರ್ ಉದ್ದವನ್ನು ದಾಟಲು ಒಂದೇ ದಿಕ್ಕಿನಲ್ಲಾದರೆ 1.2 ಸೆಕೆಂಡ್ ಬೇಕು, ಎದುರಿನಲ್ಲಾದರೆ 0.4 ಸೆಕೆಂಡ್. ಹತ್ತನ್ನು 1.2ರಿಂದ ಗುಣಿಸಿ, ಮೂವತ್ತನ್ನು 0.4ರಿಂದ ಗುಣಿಸಿ. ಎರಡೂ ಹನ್ನೆರಡು ಸೆಕೆಂಡ್! ಯಾವ ದಿಕ್ಕಿಗೆ ಹೋದರೂ ವಾಹನದ ಮಗ್ಗುಲಲ್ಲಿ ಕಳೆಯುವ ಒಟ್ಟು ಸಮಯ ಒಂದೇ. ಈ ಲೆಕ್ಕ ಮೊದಲ ಸಲ ಕಾಗದದ ಮೇಲೆ ಸರಿಹೊಂದಿದಾಗ ನನಗೆ ಆದ ಸಂತೋಷವನ್ನು ಮರೆಯಲಾರೆ.

ವ್ಯತ್ಯಾಸವಿರುವುದು ಆ ಹನ್ನೆರಡು ಸೆಕೆಂಡುಗಳ ಗುಣದಲ್ಲಿ. ಹಿಂದಿನಿಂದ ಬರುವ ವಾಹನವನ್ನು ಸವಾರ ನೋಡಲಾರ, ಎಷ್ಟು ಅಂತರ ಬಿಡಬೇಕೆಂಬ ತೀರ್ಮಾನ ಪೂರ್ತಿಯಾಗಿ ಚಾಲಕನದು. ಎದುರಿನಿಂದ ಬರುವಾಗ ಇಬ್ಬರೂ ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತಾರೆ, ಇಬ್ಬರೂ ತುಸು ಸರಿಯುತ್ತಾರೆ, ಬೇಕಾದರೆ ಇಬ್ಬರೂ ಬ್ರೇಕ್ ಹಿಡಿಯುತ್ತಾರೆ. ನಿಂತ ಕಾರಿನ ಬಾಗಿಲಿನ ವಿಷಯವೂ ಹೀಗೆಯೇ. ಒಂದೇ ದಿಕ್ಕಿನಲ್ಲಿ ಹೋಗುವವನಿಗೆ ಥಟ್ಟನೆ ತೆರೆದ ಬಾಗಿಲಿನ ಅಂಚು ಕತ್ತಿಯಂತೆ ಎದುರಾಗುತ್ತದೆ. ಎದುರು ದಿಕ್ಕಿಗೆ ಹೋಗುವವನು ಕಾರಿನ ಮುಂಭಾಗದಿಂದ ಬರುತ್ತಾನೆ. ಕಾರಿನೊಳಗಿರುವವರು ಮುಂದೆ ನೋಡುತ್ತ ಕುಳಿತಿರುವುದರಿಂದ ಅವನು ಕಾಣುತ್ತಾನೆ. ಕಾಣದೆ ತೆರೆದರೂ ಬಾಗಿಲಿನ ಕೀಲು ಅವನ ಕಡೆಗಿರುತ್ತದೆ, ತಾಗಿದ ಬಾಗಿಲು ಮುಚ್ಚಿಕೊಳ್ಳುವ ಕಡೆಗೇ ಹೋಗುತ್ತದೆ.

ಎದುರು ಹೋಗುವುದೆಲ್ಲ ಸುರಕ್ಷಿತ ಎಂದು ಯಾರಾದರೂ ಇದರಿಂದ ತಿಳಿದರೆ ನನ್ನ ಬರಹ ಹಾನಿ ಮಾಡಿದಂತೆ. ಅಮೆರಿಕದ ಪಾಲೋ ಆಲ್ಟೋ ನಗರದ ಅಪಘಾತಗಳನ್ನು ಅಭ್ಯಾಸ ಮಾಡಿ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಸಂಚಾರಕ್ಕೆ ವಿರುದ್ಧವಾಗಿ ಸೈಕಲ್ ತುಳಿಯುವವರಿಗೆ ಕೂಡುರಸ್ತೆಗಳಲ್ಲಿ ಅಪಾಯ 3.6 ಪಟ್ಟು. ನಾವು ರಾಂಗ್ ಸೈಡ್ ಎನ್ನುವುದು ಇದನ್ನೇ. ಹಾಗಿದ್ದರೆ ಜರ್ಮನಿಯಲ್ಲಿ ಅಪಘಾತ ಏಕೆ ಹೆಚ್ಚಲಿಲ್ಲ?

ಉತ್ತರದ ಎಳೆ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಸಿಗುತ್ತದೆ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ. ಕೂಡುರಸ್ತೆಯಲ್ಲಿ ಬಲಕ್ಕೆ ತಿರುಗುವ ಚಾಲಕರು ಎತ್ತ ನೋಡುತ್ತಾರೆ ಎಂದು ಸಂಶೋಧಕರು ಗಮನಿಸಿ 1996ರಲ್ಲಿ ವರದಿ ಮಾಡಿದರು. ಚಾಲಕರು ವಾಹನಗಳು ಬರುವ ಎಡಗಡೆಗೆ ನೋಡುತ್ತಿದ್ದರು, ಬಲದಿಂದ ಬರುವ ಸೈಕಲ್ ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅವರು ಕುರುಡರಲ್ಲ, ಅಸಡ್ಡೆಯವರೂ ಅಲ್ಲ. ವರ್ಷಗಟ್ಟಲೆ ಓಡಿಸಿದ ಅನುಭವ ಅವರ ಕತ್ತನ್ನು ಅಪಾಯ ಬರುವ ಕಡೆಗೆ ಮಾತ್ರ ತಿರುಗಿಸುತ್ತಿತ್ತು. ಮಿದುಳಿಗೆ ಸಿಗುವುದು ಅರೆಕ್ಷಣ, ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ಅಭ್ಯಾಸವೇ ಹೇಳಿಕೊಡುತ್ತದೆ. ಅದೇ ಜಾಗದಲ್ಲಿ ವೇಗ ತಗ್ಗಿಸುವ ಉಬ್ಬು, ಎತ್ತರಿಸಿದ ದಾಟುದಾರಿ, ನಿಲ್ಲು ಎಂಬ ಫಲಕ ಹಾಕಿದರೆ ಚಾಲಕರು ಎರಡೂ ಕಡೆ ನೋಡತೊಡಗುತ್ತಿದ್ದರು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಎದುರು ಬರುವ ಸೈಕಲ್ ಅಪಾಯಕ್ಕೆ ಸಿಲುಕುವುದು ಯಾರೂ ಅದನ್ನು ನಿರೀಕ್ಷಿಸದಿದ್ದಾಗ. ರಾಂಗ್ ಸೈಡ್ ಸವಾರ ಎಲ್ಲರಿಗೂ ಅನಿರೀಕ್ಷಿತ. ಫಲಕ ಹಾಕಿ, ರಸ್ತೆಯ ಮೇಲೆ ಸೈಕಲ್ ಚಿತ್ರ ಬರೆದು ಅನುಮತಿ ಪಡೆದ ಸವಾರ ತನ್ನ ಎಡಕ್ಕೇ ಇರುತ್ತಾನೆ, ಅವನು ಬರುತ್ತಾನೆಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಲಂಡನ್ನಿನ ಅಂಕಿಗಳೂ ಇದಕ್ಕೆ ಹೊಂದುತ್ತವೆ. ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಆ ನಗರದ 508 ಒನ್ ವೇ ರಸ್ತೆಗಳ 22 ವರ್ಷಗಳ ದಾಖಲೆ, ಅಂದರೆ 1998ರಿಂದ 2019ರವರೆಗಿನದು, ತೆಗೆದು ನೋಡಿದರು. ಎದುರು ಸಂಚಾರಕ್ಕೆ ಅನುಮತಿ ಕೊಟ್ಟ ಮೇಲೆ ಸೈಕಲ್ ಅಪಘಾತಗಳ ಪ್ರಮಾಣ ಏರಲಿಲ್ಲ ಎಂಬುದು 2023ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ.

ಲಂಡನ್ ಬೇರೆ, ದಾವಣಗೆರೆ ಬೇರೆ ಎಂಬುದನ್ನು ನಾನೂ ಒಪ್ಪುತ್ತೇನೆ. ನಮ್ಮಲ್ಲಿ ದ್ವಿಚಕ್ರ ವಾಹನಗಳೇ ಹೆಚ್ಚು. ಸೈಕಲ್‌ಗೆ ಬಾಗಿಲು ತೆರೆದರೆ ಬೈಕುಗಳೂ ನುಗ್ಗುತ್ತವೆ ಎಂದು ನನ್ನ ಸ್ನೇಹಿತರು ಹೇಳುತ್ತಾರೆ. ಸೈಕಲ್ ನುಗ್ಗಿ ಬೈಕು ನುಗ್ಗದಂತಹ ಕಂಬಗಳನ್ನು ನೆಡಲು ಸಾಧ್ಯವಿಲ್ಲ, ಎರಡರ ಅಗಲದಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಆದರೆ ಬೈಕುಗಳು ಈಗಲೂ ನುಗ್ಗುತ್ತಿವೆ, ಇಳಿದು ತಳ್ಳುತ್ತಿರುವುದು ಸೈಕಲ್ಲಿನ ಹಿರಿಯರು ಮಾತ್ರ. ಬೈಕಿನವರನ್ನು ತಡೆಯುವ ಕೆಲಸ ಬೋರ್ಡಿನದಲ್ಲ, ದಂಡದ್ದು. ಬೈಕಿಗೆ ನಂಬರ್ ಪ್ಲೇಟ್ ಇದೆ, ಸೈಕಲ್‌ಗೆ ಇಲ್ಲ. ಕ್ಯಾಮೆರಾಕ್ಕೆ ಎರಡರ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ.

ರಾತ್ರಿಯ ಸಂಗತಿ ಇದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು. ಸೈಕಲ್‌ನ ಹಿಂದಿನ ಕೆಂಪು ಪ್ರತಿಫಲಕ ಹಿಂದಿನಿಂದ ಬರುವವರಿಗಾಗಿ ಇರುವುದು. ಎದುರು ಹೋಗುವವರಿಗೆ ಮುಂದಿನ ದೀಪವೇ ಪ್ರಾಣ. ಹಿಂದೆ ನಮ್ಮ ಮಿಲ್ಲುಗಳ ಕಾಲದಲ್ಲಿ, ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದಾಗ, ಟೈರಿಗೆ ಉಜ್ಜುವ ಡೈನಮೋ ಸೈಕಲ್ಲಿನ ಹೆಮ್ಮೆಯಾಗಿತ್ತು. ಈಗ ಅದಕ್ಕಿಂತ ಹಗುರವಾದ ಎಲ್‌ಇಡಿ ದೀಪಗಳು ಸಿಗುತ್ತವೆ, ಆದರೂ ದೀಪವಿಲ್ಲದ ಸೈಕಲ್‌ಗಳೇ ನಮ್ಮ ಬೀದಿಯಲ್ಲಿ ಹೆಚ್ಚು. ಅನುಮತಿಯನ್ನು ಮೊದಲು ಹಗಲಿಗೆ ಸೀಮಿತಗೊಳಿಸಿದರೂ ತಪ್ಪಿಲ್ಲ.

ಚಿತ್ರದುರ್ಗಕ್ಕೆ ಇದೇ ನಿಯಮವನ್ನು ಕಣ್ಣು ಮುಚ್ಚಿ ಒಯ್ಯಲಾಗದು. ದಾವಣಗೆರೆ ಹೆಚ್ಚೂಕಡಿಮೆ ಸಮತಟ್ಟು, ದುರ್ಗದ ಕೋಟೆಯ ಬುಡದ ಬೀದಿಗಳಲ್ಲಿ ಇಳಿಜಾರಿದೆ. 15ರ ವೇಗದಲ್ಲಿರುವ ಸೈಕಲ್, ಸವಾರ ಅಪಾಯವನ್ನು ಕಂಡು ಬ್ರೇಕ್ ಒತ್ತಲು ಬೇಕಾದ ಒಂದು ಸೆಕೆಂಡನ್ನೂ ಸೇರಿಸಿ, ಸುಮಾರು 7 ಮೀಟರ್‌ನಲ್ಲಿ ನಿಲ್ಲುತ್ತದೆ. 30ರ ಬೈಕಿಗೆ ಸುಮಾರು 15 ಮೀಟರ್ ಬೇಕು. ಅಂದರೆ ಇಬ್ಬರೂ ಒಬ್ಬರಿಗೊಬ್ಬರು 22 ಮೀಟರ್ ದೂರದಿಂದಲೇ ಕಾಣಬೇಕು. ಇಳಿಜಾರಿನಲ್ಲಿ ಸೈಕಲ್ ತಾನೇ 30ಕ್ಕೆ ಏರಿದರೆ ಅದರ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ, ಹಳೆಯ ರಬ್ಬರ್ ಬ್ರೇಕ್ ಅದನ್ನು ತಡೆಯಲಾರದು. ಅಂತಹ ಬೀದಿಯಲ್ಲಿ ಏರುವ ದಿಕ್ಕಿಗೆ ಮಾತ್ರ ಎದುರು ಅನುಮತಿ ಕೊಡುವುದು ಒಳ್ಳೆಯದು. ಏರುವವನು ಹೇಗೂ ನಿಧಾನ, ಸುತ್ತು ಉಳಿಸಬೇಕಾದದ್ದೂ ಅವನಿಗೇ.

ಕಾನೂನಿನ ದಾರಿ ಉದ್ದವಿಲ್ಲ. ಯಾವ ರಸ್ತೆಯಲ್ಲಿ ಯಾವ ಮೋಟಾರು ವಾಹನ ಹೋಗಬಾರದೆಂದು ನಿರ್ಬಂಧಿಸುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 115ನೆಯ ಸೆಕ್ಷನ್‌ನಲ್ಲಿದೆ. 2019ರ ತಿದ್ದುಪಡಿಯಲ್ಲಿ ಸೇರಿದ 138(1ಎ) ಸೆಕ್ಷನ್ ಪ್ರಕಾರ, ಯಂತ್ರವಿಲ್ಲದ ವಾಹನಗಳ ಸಂಚಾರವನ್ನು ಕುರಿತು ರಾಜ್ಯ ಸರ್ಕಾರ ನಿಯಮ ಮಾಡಬಹುದು. ಒನ್ ವೇ ಆದೇಶದಲ್ಲಿ ‘ಸೈಕಲ್‌ಗಳನ್ನು ಹೊರತುಪಡಿಸಿ’ ಎಂಬ ಎರಡು ಪದಗಳು ಸೇರಿದರೆ, ಕೆಂಪು ಫಲಕದ ಕೆಳಗೆ ಅದನ್ನೇ ಬರೆದ ಸಣ್ಣ ತಗಡನ್ನು ಹಾಕಬಹುದು.

ಮಂಡಕ್ಕಿಯ ಹಿರಿಯರು ತಳ್ಳಿಕೊಂಡು ಹೋಗುವ ಆ ಗಲ್ಲಿಯನ್ನು ನಾನು ಒಂದು ಭಾನುವಾರ ಅಳೆದೆ. ಗೋಡೆಯಿಂದ ಗೋಡೆಗೆ 5.4 ಮೀಟರ್. ಒಂದು ಬದಿಯಲ್ಲಿ ನಿಲ್ಲಿಸಿದ ಬೈಕುಗಳು 1.8 ಮೀಟರ್ ನುಂಗಿದರೂ 3.6 ಉಳಿಯುತ್ತದೆ. ನಡುವೆ ಎರಡು ಅಡ್ಡರಸ್ತೆಗಳು ಕೂಡುತ್ತವೆ. ಆ ಎರಡೂ ಮೂಲೆಗಳಲ್ಲಿ ಹತ್ತು ಹತ್ತು ಮೀಟರ್ ಪಾರ್ಕಿಂಗ್ ತೆರವುಗೊಳಿಸಿ ನೋಟ ತೆರೆಯಬೇಕು, ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ಸೈಕಲ್ ಚಿತ್ರ ಬರೆಯಬೇಕು, ಎರಡು ಬಾಯಿಗಳಲ್ಲಿ ಎರಡು ತಗಡು ಹಾಕಬೇಕು. ಇಷ್ಟಕ್ಕೆ ಒಂದು ದಿನದ ಕೆಲಸ. ಅದಕ್ಕೆ ಮುಂಚೆ ಆರು ತಿಂಗಳು, ಅನಂತರ ಆರು ತಿಂಗಳು ಎಷ್ಟು ಸೈಕಲ್ ಬಂದವು, ಎಷ್ಟು ಸಲ ಯಾರು ಬ್ರೇಕ್ ಹೊಡೆದರು, ಯಾರಿಗೆ ತಾಗಿತು ಎಂದು ಎಣಿಸಬೇಕು. ಎಣಿಸಲು ಕಾಗದ, ಪೆನ್ನು ಹಿಡಿದು ನಾನು ಬರುತ್ತೇನೆ, ಬೆಳಿಗ್ಗೆ ಏಳು ಗಂಟೆಗೆ, ಮಂಡಕ್ಕಿ ಸೈಕಲ್‌ಗಳು ಹೊರಡುವ ಹೊತ್ತಿಗೆ.