ನಡುರಸ್ತೆಯಲ್ಲೇ ಸಂತೆ ಕೂತ ಲ್ಯಾಂಕಸ್ಟರ್

ರಸ್ತೆ ಕಿರಿದು ಮಾಡ್ತೀವಿ ಅಂದ ಕೂಡಲೇ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, "ಗಾಡಿ ಬರದಿದ್ದರೆ ಗಿರಾಕಿ ಎಲ್ಲಿಂದ ಬರ್ತಾರೆ?" ಬಾಡಿಗೆ ಕಟ್ಟುವವರ ಭಯ ಅದು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅಮೆರಿಕದ ಲ್ಯಾಂಕಸ್ಟರ್ ಎಂಬ ಊರು ಈ ಪ್ರಶ್ನೆಗೆ ಕೊಟ್ಟ ಉತ್ತರ ನನಗೆ ತುಂಬ ಇಷ್ಟ.

ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿ, ಮೊಹಾವಿ ಮರುಭೂಮಿಯ ಅಂಚಿನಲ್ಲಿದೆ ಈ ಊರು. ಬಿಸಿಲೂ ಜಾಸ್ತಿ, ಗಾಳಿಯೂ ಜಾಸ್ತಿ. 1876ರಲ್ಲಿ ರೈಲು ಬಂದ ಮೇಲೆ ಹುಟ್ಟಿಕೊಂಡ ಊರಿದು. ಅದರ ಹಳೇ ಪೇಟೆಬೀದಿಯೇ ಲ್ಯಾಂಕಸ್ಟರ್ ಬುಲೆವಾರ್ಡ್.

ಪೇಟೆ ಒಂದೇ ದಿನದಲ್ಲಿ ಸೊರಗಲಿಲ್ಲ. ಕಾರನ್ನೇ ನಂಬಿ ಊರು ಬೆಳೆಯಿತು. ಮನೆಗಳು ದೂರ ದೂರಕ್ಕೆ ಹರಡಿದವು. ವ್ಯಾಪಾರ ದೊಡ್ಡ ಪಾರ್ಕಿಂಗ್ ಇರುವ ಕಡೆಗೆ ಜಾರಿತು. 1990ರಲ್ಲಿ ಪಕ್ಕದ ಪಾಮ್‌ಡೇಲ್‌ನಲ್ಲಿ ಮಾಲ್ ಬೇರೆ ಶುರುವಾಯಿತು. ಹಳೇ ಬೀದಿಯಲ್ಲಿ ಅಗಲವಾದ ಲೇನ್‌ಗಳಿದ್ದವು, ಕಾರುಗಳೂ ಓಡುತ್ತಿದ್ದವು. ಆದರೆ ಅವು ಅಂಗಡಿಗೆ ಬಂದ ಕಾರುಗಳಲ್ಲ, ದಾಟಿ ಹೋಗುವ ಕಾರುಗಳು. ವೇಗವಾಗಿ ಹೋಗುವವರಿಗೆ ಅಂಗಡಿಯ ಬೋರ್ಡ್ ಓದೋಕಾದರೂ ಪುರುಸೊತ್ತೆಲ್ಲಿ?

2008ರಲ್ಲಿ ಪೇಟೆಗೊಂದು ಹೊಸ ಯೋಜನೆ ಒಪ್ಪಿಗೆಯಾಯಿತು. ವಿನ್ಯಾಸ ಮಾಡಿದ್ದು ಮೂಲ್ ಅಂಡ್ ಪಾಲಿಜೊಯ್ಡಿಸ್ ಸಂಸ್ಥೆ. 2010ರಲ್ಲಿ ಕೆಲಸ ಹಿಡಿದು, ಸುಮಾರು ಎಂಟು ತಿಂಗಳಲ್ಲಿ ಮುಗಿಸಿಬಿಟ್ಟರು. ಖರ್ಚು 1.15 ಕೋಟಿ ಡಾಲರ್. ವರ್ಷಗಟ್ಟಲೆ ಅಗೆದ ರಸ್ತೆಯ ಧೂಳು ಕುಡಿದವರಿಗೆ ಗೊತ್ತು, ಈ ಎಂಟು ತಿಂಗಳು ಅಂಗಡಿಯವರಿಗೆ ಎಷ್ಟು ದೊಡ್ಡ ಉಪಕಾರ ಅಂತ.

ಅವರು ಮಾಡಿದ್ದೇನು? ಕಾರನ್ನು ಹೊರಗೆ ಹಾಕಲಿಲ್ಲ. ಎರಡು ದಿಕ್ಕಿಗೂ ಒಂದೊಂದೇ ಲೇನ್ ಬಿಟ್ಟು, ಉಳಿದ ಜಾಗವನ್ನು ರಸ್ತೆಯ ನಡುವಿಗೆ ತಂದರು. ನಡುಭಾಗವನ್ನೇ ನಡೆದಾಡುವವರಿಗೆ ಬಿಟ್ಟಿರುವ, ಸ್ಪೇನ್‌ನ ಬಾರ್ಸಿಲೋನಾದ ರಾಂಬ್ಲಾ ಬೀದಿ ಇದಕ್ಕೆ ಮಾದರಿ. ನಡುವೆ ಸಾಲು ಮರ, ಮರಗಳ ನಡುವೆ ಪಾರ್ಕಿಂಗ್. ಮಾಮೂಲಿ ದಿನ ಅಲ್ಲಿ ಕಾರು ನಿಲ್ಲುತ್ತದೆ. ಇಳಿದವರು ನಾಲ್ಕು ಹೆಜ್ಜೆ ಹಾಕಿದರೆ ಅಂಗಡಿ. ಸಂತೆಯೋ ಹಬ್ಬವೋ ಬಂತೆಂದರೆ ಅದೇ ಜಾಗಕ್ಕೆ ಟೆಂಟು, ಮೇಜು ಬರುತ್ತವೆ. ಲೇನ್ ಕಿರಿದು, ಪಕ್ಕದಲ್ಲೇ ಮರ, ಜನ. ಕಾಲು ತಾನಾಗಿಯೇ ಬ್ರೇಕ್ ಮೇಲೆ ಹೋಗುತ್ತದೆ.

ಮುಂದಿನ ಕೆಲವು ವರ್ಷಗಳಲ್ಲಿ 49 ಹೊಸ ವ್ಯಾಪಾರಗಳು ತೆರೆದವು. ಸುಮಾರು 13 ಕೋಟಿ ಡಾಲರ್ ಖಾಸಗಿ ಹಣ ಬಂತು. ಅಪಘಾತಗಳಲ್ಲಿ ಗಾಯಗೊಳ್ಳುವುದೂ ಬಹಳ ತಗ್ಗಿತು. ಎಲ್ಲ ರಸ್ತೆಯಿಂದಲೇ ಆಯಿತು ಅಂತ ಹೇಳಲಾರೆ. ನಗರಾಡಳಿತ ಪೇಟೆಗೆ ಬೇರೆ ರೀತಿಯಲ್ಲೂ ಒತ್ತಾಸೆಯಾಗಿ ನಿಂತಿತ್ತು. ಆದರೆ ರಸ್ತೆ ಕಿರಿದಾಗಿದ್ದರಿಂದ ವ್ಯಾಪಾರ ಸಾಯಲಿಲ್ಲ ಅನ್ನೋದಂತೂ ಖರೆ, ಅಲ್ವಾ?

ನಮ್ಮಲ್ಲೂ ಇಂಥ ಪ್ರಯತ್ನ ನಡೆದಿದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸಿನೊಂದಿಗೆ ಹೊಸದಾಯಿತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಅಲ್ಲಿ ವಾಹನಗಳನ್ನು ಬಿಡಲಿಲ್ಲ. ಆಮೇಲೆ ಗಾಡಿಗಳು ಮತ್ತೆ ಬಂದವು. ಲ್ಯಾಂಕಸ್ಟರ್‌ನವರಿಗೆ ಹೀಗೆ ಗಾಡಿಯೋ ಜನವೋ ಅಂತ ಆರಿಸಿಕೊಳ್ಳುವ ಪರಿಸ್ಥಿತಿಯೇ ಬರಲಿಲ್ಲ. ಗುರುವಾರ ಮಧ್ಯಾಹ್ನ ಕಾರುಗಳು ಜಾಗ ಖಾಲಿ ಮಾಡುತ್ತಿದ್ದವು, ಸಂಜೆಗೆ ಅದೇ ಗೆರೆಗಳ ಮೇಲೆ ರೈತರು ಹಣ್ಣು, ತರಕಾರಿ ಜೋಡಿಸಿ ಕೂರುತ್ತಿದ್ದರು.