ಓದೋಕಾಗಲಿಲ್ಲ, ಅಳಿಸಿಬಿಡಲಾ?

ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದಾಗ ಕೆಲವೊಮ್ಮೆ ಒಂದು ಪುಟ್ಟ ಪೆಟ್ಟಿಗೆ ಎದ್ದು ನಿಲ್ಲುತ್ತದೆ. 'ಇ ಡ್ರೈವ್‌ನಲ್ಲಿರುವ ಡಿಸ್ಕನ್ನು ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು. ಫಾರ್ಮ್ಯಾಟ್ ಮಾಡಬೇಕೇ?' ಕೆಳಗೆ ಎರಡು ಬಟನ್. ಒಂದು 'ಫಾರ್ಮ್ಯಾಟ್ ಡಿಸ್ಕ್', ಇನ್ನೊಂದು 'ಕ್ಯಾನ್ಸಲ್'. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಖಾಲಿ ಮಾಡಿ ಹೊಸದಾಗಿ ಅಣಿಗೊಳಿಸುವುದು. ಆ ಡಿಸ್ಕ್‌ನಲ್ಲಿ ಮನೆಯವರೆಲ್ಲರ ಫೋಟೋಗಳಿರಬಹುದು. ಅದರ ಬಗ್ಗೆ ಪೆಟ್ಟಿಗೆಯಲ್ಲಿ ಒಂದು ಮಾತೂ ಇಲ್ಲ.

ಇಷ್ಟಕ್ಕೂ ವಿಂಡೋಸ್‌ಗೆ ಆ ಹೊತ್ತಿನಲ್ಲಿ ಗೊತ್ತಿರುವುದು ಬಹಳ ಕಡಿಮೆ. ಡಿಸ್ಕಿನ ಶುರುವಿನಲ್ಲಿರುವ ಗುರುತು ತನಗೆ ಪರಿಚಯವಿರುವ ಫೈಲ್ ಸಿಸ್ಟಮ್‌ಗಳಾದ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಗಳು) ಎನ್‌ಟಿಎಫ್‌ಎಸ್, ಫ್ಯಾಟ್, ಎಕ್ಸ್‌ಫ್ಯಾಟ್ ಯಾವುದಕ್ಕೂ ಹೊಂದುತ್ತಿಲ್ಲ, ಅಷ್ಟೇ. ಅದು ಲಿನಕ್ಸ್‌ನಲ್ಲಿ ಬಳಸಿದ ಡಿಸ್ಕ್ ಇರಬಹುದು. ಮ್ಯಾಕ್‌ನದ್ದಿರಬಹುದು. ವೆರಾಕ್ರಿಪ್ಟ್‌ನಂಥ ತಂತ್ರಾಂಶ ಹಾಕಿ ಪೂರ್ತಿ ಗೂಢಲಿಪಿ ಮಾಡಿದ್ದಿರಬಹುದು. ಅಥವಾ ಮೊದಲ ಕೆಲವು ಬೈಟ್‌ಗಳು ಮಾತ್ರ ಕೆಟ್ಟಿರಬಹುದು. ಈ ಎಲ್ಲ ಸಂದರ್ಭಗಳಲ್ಲೂ ಒಳಗಿನ ಫೈಲುಗಳು ಸುರಕ್ಷಿತವಾಗಿಯೇ ಇರುವ ಸಾಧ್ಯತೆ ಜಾಸ್ತಿ. 'ನನಗೆ ಇದನ್ನು ಓದಲು ಬರುತ್ತಿಲ್ಲ' ಎಂದು ಹೇಳಬೇಕಾದ ಕಂಪ್ಯೂಟರ್ 'ಇದನ್ನು ಫಾರ್ಮ್ಯಾಟ್ ಮಾಡಬೇಕು' ಎಂದು ಹೇಳುತ್ತದೆ. ಬೀಗ ತೆಗೆಯಲು ಬಾರದವನು 'ಮನೆ ಕೆಡವಲಾ?' ಎಂದು ಕೇಳಿದ ಹಾಗೆ.

'ಎಲ್ಲ ಡೇಟಾ ಅಳಿಸಿಹೋಗುತ್ತದೆ' ಎಂಬ ಎಚ್ಚರಿಕೆ ಇಲ್ಲವೆಂದಲ್ಲ, ಇದೆ. ಆದರೆ ಅದು ಬರುವುದು ಮೂರನೇ ಹೆಜ್ಜೆಯಲ್ಲಿ. ಮೊದಲ ಪೆಟ್ಟಿಗೆಯಲ್ಲಿ ಒಪ್ಪಿ, ಎರಡನೆಯದರಲ್ಲಿ 'ಸ್ಟಾರ್ಟ್' ಒತ್ತಿದ ಮೇಲೆ. ಅಷ್ಟು ಹೊತ್ತಿಗೆ ಡಿಸ್ಕ್ ಸರಿಯಾಗಲು ಇದೇ ದಾರಿ ಎಂದು ಬಳಕೆದಾರ ನಂಬಿಯಾಗಿರುತ್ತದೆ.

ಈ ಚಾಳಿ ವಿಂಡೋಸ್‌ನಿಂದ ಶುರುವಾಗಿದ್ದಲ್ಲ. 1984ರಲ್ಲಿ ಬಂದ ಆಪಲ್‌ನ ಮೊದಲ ಮ್ಯಾಕಿಂಟೋಷ್ ಸಾಲಿನ ಯಂತ್ರಗಳೂ ಓದಲಾಗದ ಫ್ಲಾಪಿ ಸಿಕ್ಕರೆ ಇದೇ ಮಾತಾಡುತ್ತಿದ್ದವು. 'ಈ ಡಿಸ್ಕ್ ಓದಲಾಗುತ್ತಿಲ್ಲ. ಇನಿಶಿಯಲೈಸ್ ಮಾಡಬೇಕೇ?' ಕನಿಷ್ಠ ಪಕ್ಷ ಮ್ಯಾಕ್ ತಾನು ಓದಲಾರೆ ಎಂದು ಮೊದಲು ಒಪ್ಪಿಕೊಳ್ಳುತ್ತಿತ್ತು, 'ಇಜೆಕ್ಟ್' ಬಟನ್ನೂ ಕೊಡುತ್ತಿತ್ತು. ಆದರೂ ಕಷ್ಟಕ್ಕೆ ಪರಿಹಾರವೆಂದು ಮುಂದಿಡುತ್ತಿದ್ದದ್ದು ಅಳಿಸುವ ಕೆಲಸವನ್ನೇ.

ಇನ್ನೂ ಹಿಂದಕ್ಕೆ ಹೋದರೆ ಡಾಸ್, ಅಂದರೆ ವಿಂಡೋಸ್‌ಗೂ ಮುಂಚೆ ಪಿಸಿಗಳನ್ನು ನಡೆಸುತ್ತಿದ್ದ ಆಪರೇಟಿಂಗ್ ಸಿಸ್ಟಮ್. ಡಿಸ್ಕ್ ತೊಂದರೆ ಕೊಟ್ಟಾಗಲೆಲ್ಲ ಕಪ್ಪು ತೆರೆಯ ಮೇಲೆ ಬರುತ್ತಿದ್ದ 'ಅಬಾರ್ಟ್, ರಿಟ್ರೈ, ಇಗ್ನೋರ್?' ಆ ಕಾಲದವರಿಗೆ ಮರೆಯುವಂಥದ್ದಲ್ಲ. ಮೂರು ಪದಗಳಲ್ಲಿ ಒಂದೂ ನಿಮ್ಮ ಫೈಲಿಗೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಅಬಾರ್ಟ್ ಅಂದರೆ ಪ್ರೋಗ್ರಾಮ್ ಅಲ್ಲೇ ಸತ್ತುಹೋಗುತ್ತದೆ, ಸೇವ್ ಮಾಡದ ಪತ್ರ ಅದರ ಜೊತೆ ಹೋಗುತ್ತದೆ. ಇಗ್ನೋರ್ ಅಂದರೆ ಏನೂ ಆಗಿಲ್ಲ ಎಂದುಕೊಂಡು ಮುಂದೆ ಹೋಗುವುದು. ಫೈಲ್ ಬರೆಯುತ್ತಿದ್ದರೆ ಅದರಲ್ಲೊಂದು ತುಂಡು ಡಿಸ್ಕ್ ಸೇರಿಲ್ಲ, ಪ್ರೋಗ್ರಾಮಿಗೆ ಅದು ಗೊತ್ತೂ ಇಲ್ಲ. 1987ರ 3.3 ಆವೃತ್ತಿಯಲ್ಲಿ 'ಫೇಲ್' ಎಂಬ ನಾಲ್ಕನೇ ಆಯ್ಕೆ ಸೇರಿತು. ಕೆಲಸ ಆಗಲಿಲ್ಲವೆಂದು ಪ್ರೋಗ್ರಾಮಿಗೇ ಹೇಳುವ ದಾರಿ ಅದು. ಒಳ್ಳೆಯದೇ. ಆದರೆ ತೆರೆಯ ಮುಂದೆ ಕೂತವರಿಗೆ ಅಬಾರ್ಟ್‌ಗೂ ಫೇಲ್‌ಗೂ ಏನು ವ್ಯತ್ಯಾಸ ಅಂತ ಹೇಗೆ ಗೊತ್ತಾಗಬೇಕು?

ಉಳಿದದ್ದು ರಿಟ್ರೈ. ನೋಡಲು ಇದೊಂದೇ ಸಾಧು. ದೊಡ್ಡ ಗುಂಡಿ ಇದ್ದದ್ದು ಇದರಲ್ಲೇ. ಫ್ಲಾಪಿ ಕೆಟ್ಟಿದೆ ಅಂತ ಕಂಡರೆ ಯಾರಾದರೂ ಏನು ಮಾಡುತ್ತಾರೆ? ಅದನ್ನು ತೆಗೆದು ಬೇರೆ ಫ್ಲಾಪಿ ಹಾಕಿ ಮತ್ತೆ ಪ್ರಯತ್ನಿಸುತ್ತಾರೆ. ಫ್ಲಾಪಿಯಲ್ಲಿ ಯಾವ ಫೈಲಿನ ಯಾವ ತುಂಡು ಎಲ್ಲಿದೆ ಎಂಬ ಪಟ್ಟಿಯೇ ಫ್ಯಾಟ್. ಡಾಸ್ ಮೊದಲಿನ ಫ್ಲಾಪಿಯ ಈ ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತಿತ್ತು. ಫ್ಲಾಪಿ ಬದಲಾದದ್ದು ತಿಳಿಯದೆ ಅದೇ ಪಟ್ಟಿಯನ್ನು ಹೊಸ ಫ್ಲಾಪಿಯ ಮೇಲೆ ಬರೆದುಬಿಡುತ್ತಿತ್ತು. ಹೊಸ ಫ್ಲಾಪಿಯಲ್ಲಿದ್ದ ಒಳ್ಳೆಯ ಫೈಲುಗಳೆಲ್ಲ ವಿಳಾಸ ಕಳೆದುಕೊಳ್ಳುತ್ತಿದ್ದವು. ಈ ಸಂದೇಶ ಬಂದಾಗ ಡಿಸ್ಕ್ ಬದಲಿಸಬೇಡಿ ಎಂದು ಕೈಪಿಡಿಯಲ್ಲಿ ಬರೆದಿತ್ತು. ತೆರೆಯ ಮೇಲೆ ಬರೆದಿರಲಿಲ್ಲ. 1988ರ ಡಾಸ್ 4 ಫಾರ್ಮ್ಯಾಟ್ ಮಾಡುವಾಗ ಪ್ರತಿ ಡಿಸ್ಕಿಗೂ ಒಂದು ಸೀರಿಯಲ್ ನಂಬರ್ ಕೊಡತೊಡಗಿದ ಮೇಲೆ ಡಿಸ್ಕ್ ಅದಲು ಬದಲಾದದ್ದನ್ನು ಪತ್ತೆ ಹಚ್ಚುವುದು ಸುಲಭವಾಯಿತು.

ಇದೇ ಮನೆತನದ ಇನ್ನೊಂದು ಸಂದೇಶ ವಿಂಡೋಸ್ ಎಕ್ಸ್‌ಪಿ ಕಾಲದ 'ಡಿಲೇಡ್ ರೈಟ್ ಫೇಲ್ಡ್'. ಫೈಲಿನ ಎಲ್ಲ ಡೇಟಾ ಉಳಿಸಲಾಗಲಿಲ್ಲ, ಡೇಟಾ ಕಳೆದುಹೋಗಿದೆ, ದಯವಿಟ್ಟು ಈ ಫೈಲನ್ನು ಬೇರೆ ಕಡೆ ಸೇವ್ ಮಾಡಿ ಎನ್ನುತ್ತಿತ್ತು. ಕಳೆದುಹೋದದ್ದನ್ನು ಎಲ್ಲಿಂದ ತಂದು ಸೇವ್ ಮಾಡೋದು ಸ್ವಾಮಿ!

'ಬದಲಾವಣೆಗಳನ್ನು ಉಳಿಸಬೇಕೇ?' ಎಂಬ ಪ್ರಶ್ನೆಯ ಕಥೆ ಮಾತ್ರ ಸ್ವಲ್ಪ ನೆಮ್ಮದಿಯದು. 'ಯೆಸ್', 'ನೋ' ಎಂಬ ಬಟನ್‌ಗಳ ಜಾಗಕ್ಕೆ ನಿಧಾನವಾಗಿ 'ಸೇವ್', 'ಡೋಂಟ್ ಸೇವ್' ಬಂದವು. ಪ್ರಶ್ನೆ ಓದದೆ ಬಟನ್ ಓದಿದರೂ ಅರ್ಥವಾಗುತ್ತದೆ. ತಪ್ಪಿ 'ನೋ' ಒತ್ತಿದರೂ ಕೊನೆಯ ಆಟೋಸೇವ್ ಪ್ರತಿಯನ್ನು ಸ್ವಲ್ಪ ದಿನ ಇಟ್ಟುಕೊಳ್ಳುವ ಏರ್ಪಾಡು ಆಫೀಸ್ 2010ರಲ್ಲಿ ಬಂತು. ಮ್ಯಾಕ್‌ನ ಲಯನ್ ಆವೃತ್ತಿ 2011ರಲ್ಲಿ ಅನೇಕ ಪ್ರೋಗ್ರಾಮ್‌ಗಳಲ್ಲಿ ಈ ಪ್ರಶ್ನೆಯನ್ನೇ ತೆಗೆದುಹಾಕಿ ತಾನೇ ಉಳಿಸತೊಡಗಿತು.

ಸಂದೇಶ ಹೇಗಿರಬಾರದು ಎಂದು ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ತಂತ್ರಾಂಶ ಬಳಸಲು ಸುಲಭವಾಗಿರಬೇಕು ಎಂಬುದರ ತಜ್ಞರಾದ ಯಾಕೋಬ್ ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ 1990ರಲ್ಲೇ ಇಂಟರ್‌ಫೇಸ್ (ಬಳಕೆದಾರರಿಗೆ ಕಾಣುವ ತೆರೆ) ವಿನ್ಯಾಸಕ್ಕೆ ಕೆಲವು ಸೂತ್ರಗಳನ್ನು ಕೊಟ್ಟರು. ಒಳ್ಳೆಯ ಎರರ್ ಸಂದೇಶ ಅದರಲ್ಲೊಂದು. ತೊಂದರೆ ಏನೆಂದು ನೇರ ಮಾತಿನಲ್ಲಿ ಹೇಳಿ, ಹೊರಬರುವ ದಾರಿ ತೋರಿಸಿ ಎಂಬುದು ಅದರ ತಿರುಳು. ಆದರೆ ಸಂದೇಶ ಬರೆಯುವ ಪ್ರೋಗ್ರಾಮರ್ ಕಣ್ಣ ಮುಂದೆ ಇರುವುದು ತನ್ನ ಕೋಡ್. ಈ ಕೋಡ್ ಮುಂದಕ್ಕೆ ಹೋಗಲು ಏನು ಬೇಕು ಎಂದು ಅವನು ಬರೆಯುತ್ತಾನೆ. ಫಾರ್ಮ್ಯಾಟ್ ಆದ ಡಿಸ್ಕ್ ಬೇಕು, ಆದ್ದರಿಂದ 'ಫಾರ್ಮ್ಯಾಟ್ ಮಾಡಬೇಕು'. ಈ ಕಥೆಯಲ್ಲಿ ಬಹುಪಾಲು ಅನಾಹುತಗಳ ಮೂಲ ಇಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ.

2017ರಲ್ಲಿ ವಿಷುವಲ್ ಸ್ಟುಡಿಯೋ ಕೋಡ್ ಎಂಬ, ಕೋಡ್ ಬರೆಯುವ ಎಡಿಟರ್‌ನಲ್ಲಿ ಆದದ್ದು ಇದಕ್ಕೆ ಒಳ್ಳೆಯ ಸಾಕ್ಷಿ. ಪ್ರೋಗ್ರಾಮರ್ ಒಬ್ಬರು ತಿಂಗಳುಗಟ್ಟಲೆ ಮಾಡಿದ ಕೆಲಸವಿದ್ದ ಫೋಲ್ಡರನ್ನು ಅದರಲ್ಲಿ ತೆರೆದು, ಕೋಡ್‌ನಲ್ಲಾಗುವ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಸೌಲಭ್ಯ ಹೇಗಿದೆ ನೋಡೋಣ ಅಂತ ಹೊರಟರು. ಸಾವಿರಾರು ಫೈಲುಗಳು 'ಬದಲಾವಣೆ' ಎಂಬ ಪಟ್ಟಿಯಲ್ಲಿ ಕಂಡವು. ಈ ಸಹವಾಸವೇ ಬೇಡ ಅಂತ 'ಡಿಸ್ಕಾರ್ಡ್' ಒತ್ತಿದರು. ಎಡಿಟರ್ ಎಚ್ಚರಿಸಿತು: ಎಲ್ಲ ಬದಲಾವಣೆಗಳನ್ನು ಕೈಬಿಡುವುದು ಖಂಡಿತವೇ, ಇದನ್ನು ಹಿಂದಕ್ಕೆ ಪಡೆಯಲಾಗದು. ದೊಡ್ಡ ಅಕ್ಷರಗಳಲ್ಲೇ ಎಚ್ಚರಿಸಿತು. ಅವರು ಒಪ್ಪಿದರು. ಫೈಲುಗಳೆಲ್ಲ ಹೋದವು, ರಿಸೈಕಲ್ ಬಿನ್‌ನಲ್ಲೂ ಇರಲಿಲ್ಲ.

ಎರಡೂ ಕಡೆಯ ತರ್ಕ ನೋಡಿ. ಎಡಿಟರ್ ಈಗಷ್ಟೇ ಮಾಡಿದ ಬದಲಾವಣೆ ರದ್ದಾಗುತ್ತದೆ ಎಂದು ಮನುಷ್ಯ ಅಂದುಕೊಂಡ. ಗಿಟ್ ದೃಷ್ಟಿಯಲ್ಲಿ ಆ ಫೈಲುಗಳು ಯಾವತ್ತೂ ಅದರ ಲೆಕ್ಕದಲ್ಲೇ ಇರಲಿಲ್ಲ. ಹಾಗಾಗಿ ಪ್ರತಿ ಫೈಲೂ ಒಂದು ಬದಲಾವಣೆ, ಬದಲಾವಣೆ ಕೈಬಿಡುವುದೆಂದರೆ ಫೈಲ್ ಅಳಿಸುವುದು. ಸಂದೇಶದಲ್ಲಿ ಸುಳ್ಳೇನೂ ಇರಲಿಲ್ಲ. 'ಈ ಫೈಲುಗಳು ಡಿಸ್ಕಿನಿಂದ ಅಳಿಸಿಹೋಗುತ್ತವೆ' ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಗಲಾಟೆಯಾದ ಮೇಲೆ ಅದನ್ನು ಸೇರಿಸಿದರು. 'ಎಚ್ಚರಿಕೆ ಓದಬೇಕಿತ್ತು' ಎಂದು ಆ ಮನುಷ್ಯನನ್ನು ಆಡಿಕೊಂಡವರಿಗೇನೂ ಕಡಿಮೆ ಇರಲಿಲ್ಲ. ಓದಿದ್ದರೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಜನ ಓದುವುದಿಲ್ಲ ಎಂಬ ದೂರಿನಲ್ಲೂ ಸತ್ಯವಿದೆ, ಆದರೆ ಅದಕ್ಕೆ ಕಾರಣ ಸೋಮಾರಿತನವಲ್ಲ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿದವರಿಗೆ ಎಚ್ಚರಿಕೆ ಪೆಟ್ಟಿಗೆಗಳನ್ನು ಮತ್ತೆ ಮತ್ತೆ ತೋರಿಸಿದರು. 2015ರಲ್ಲಿ ಹೊರಬಂದ ಅವರ ವರದಿಯ ಪ್ರಕಾರ, ಅದೇ ಪೆಟ್ಟಿಗೆಯನ್ನು ಎರಡನೇ ಸಲ ಕಂಡಾಗಲೇ ಮಿದುಳಿನ ದೃಷ್ಟಿ ಭಾಗದ ಚಟುವಟಿಕೆ ಗಣನೀಯವಾಗಿ ಇಳಿದುಹೋಗುತ್ತದೆ. ಸುಮ್ನೆ ಎಲ್ಲದಕ್ಕೂ 'ಖಂಡಿತವೇ?' ಎಂದು ಕೇಳುವ ತಂತ್ರಾಂಶ ಈ ಅಭ್ಯಾಸವನ್ನು ತಾನೇ ಬೆಳೆಸುತ್ತದೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ರೆಪಾಸಿಟರಿ (ಒಂದು ಯೋಜನೆಯ ಕೋಡ್ ಸಂಗ್ರಹ) ಅಳಿಸಲು ಅದರ ಹೆಸರನ್ನು ಟೈಪ್ ಮಾಡಿಸುವುದು ಹೀಗೆ ಓದದೆ ಒತ್ತುವುದನ್ನು ನಿಲ್ಲಿಸಲಿಕ್ಕೇ.

ಅದೂ ಎಲ್ಲ ಸಲ ಸಾಲದು. 2021ರಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಗೇಮ್ ತಂತ್ರಾಂಶ ಹಾಕಲು ಹೋದರು. ಆಗಲಿಲ್ಲ. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಪ್ರಯತ್ನಿಸಿದಾಗ, ನೀವು ಅಪಾಯಕಾರಿ ಕೆಲಸಕ್ಕೆ ಕೈಹಾಕುತ್ತಿದ್ದೀರಿ, ಮುಂದುವರಿಯಲು 'ಯೆಸ್, ಡೂ ಆ್ಯಸ್ ಐ ಸೇ!' ಎಂದು ಟೈಪ್ ಮಾಡಿ ಎಂದಿತು. ಅವರು ಹೇಳಿದಂತೆ ಟೈಪ್ ಮಾಡಿದರು. ಇಡೀ ಡೆಸ್ಕ್‌ಟಾಪ್ ಮಾಯವಾಯಿತು. ದಾರಿ ಮುಚ್ಚಿದಾಗ ಎರರ್ ಸಂದೇಶವೇ ಒಂದು ಕೀಲಿ ಹೇಳಿಕೊಟ್ಟರೆ ಜನ ಅದನ್ನು ಬಳಸಿಯೇ ಬಳಸುತ್ತಾರೆ.

ಸರ್ವರ್‌ಗಳನ್ನು ನೋಡಿಕೊಳ್ಳುವವರಿಗೆ ಲಿನಕ್ಸ್‌ನ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಕೊಡುವ ಕೀಲಿ ಪರಿಚಿತ. ಕೆಟ್ಟ ಡಿಸ್ಕನ್ನು ರಿಪೇರಿ ಮಾಡಲು ಹೊರಟರೆ, ಲಾಗ್‌ನಲ್ಲಿ (ಮಾಡಬೇಕಾದ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಬೆಲೆಬಾಳುವ ಬದಲಾವಣೆಗಳು ಬಾಕಿ ಇವೆ, ಮೊದಲು ಮೌಂಟ್ ಮಾಡಿ (ಡಿಸ್ಕನ್ನು ಬಳಕೆಗೆ ತೆರೆಯಿರಿ), ಆಗದಿದ್ದರೆ 'ಮೈನಸ್ ಎಲ್' ಬಳಸಿ ಲಾಗ್ ನಾಶಮಾಡಿ ರಿಪೇರಿಗೆ ಪ್ರಯತ್ನಿಸಿ ಎನ್ನುತ್ತದೆ. ಹಾಗೆ ಮಾಡಿದರೆ ಫೈಲ್ ಸಿಸ್ಟಮ್ ಕೆಡಬಹುದು ಎಂದೂ ಸೇರಿಸುತ್ತದೆ. ಪ್ರಾಮಾಣಿಕ ಸಂದೇಶವೇ. ನಡುರಾತ್ರಿ ಸರ್ವರ್ ಬಿದ್ದಾಗ ಓದುವವರ ಕಣ್ಣಿಗೆ ಬೀಳುವುದು ಮಾತ್ರ ಆ 'ಮೈನಸ್ ಎಲ್' ಒಂದೇ.

ತಪ್ಪು ತಿಳಿಯುವವರು ಮನುಷ್ಯರೇ ಆಗಬೇಕೆಂದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ತಾನು ಬರೆದದ್ದು ಡಿಸ್ಕ್ ಸೇರಿತೇ ಎಂದು ಆಪರೇಟಿಂಗ್ ಸಿಸ್ಟಮನ್ನು ಕೇಳುತ್ತದೆ. ಬರೆಯಲು ಆಗದಿದ್ದರೆ ಲಿನಕ್ಸ್ 'ಎರರ್' ಎಂದು ಒಂದು ಸಲ ಹೇಳಿ, ಮೆಮೊರಿಯಲ್ಲಿದ್ದ ಆ ಪುಟಗಳನ್ನು ಬರೆದಾಯಿತು ಎಂದು ಗುರುತು ಹಾಕಿಕೊಂಡುಬಿಡುತ್ತಿತ್ತು. ಪೋಸ್ಟ್‌ಗ್ರೆಸ್ ಮತ್ತೆ ಕೇಳಿದಾಗ ಉತ್ತರ 'ಎಲ್ಲ ಸರಿ'. ಡೇಟಾ ಮಾತ್ರ ಎಲ್ಲೂ ಇಲ್ಲ. ಡಾಸ್ ಕಾಲದ ರಿಟ್ರೈ ಗುಂಡಿಯೇ, ಬೇರೆ ವೇಷದಲ್ಲಿ. 2018ರಲ್ಲಿ ಇದು ಚರ್ಚೆಗೆ ಬಂದಾಗ, ಪೋಸ್ಟ್‌ಗ್ರೆಸ್ ವರ್ಷಗಟ್ಟಲೆ ಈ ತಪ್ಪು ನಂಬಿಕೆಯ ಮೇಲೇ ನಿಂತಿತ್ತು ಎಂದು ಗೊತ್ತಾಯಿತು. 2019ರ ಫೆಬ್ರವರಿಯ ಆವೃತ್ತಿಗಳಿಂದ ಅದು ಮತ್ತೆ ಕೇಳುವುದನ್ನು ಬಿಟ್ಟಿದೆ. ಎರರ್ ಕಂಡ ಕೂಡಲೇ ನಿಂತು, ತನ್ನದೇ ಲಾಗ್‌ನಿಂದ ಎದ್ದು ಬರುತ್ತದೆ.

ಸುಧಾರಣೆಯೂ ಆಗಿದೆ. ಎಕ್ಸೆಲ್ ಹಾಳೆಯಲ್ಲಿ ಹಿಡಿಯುವುದು 10,48,576 ಸಾಲು. ಅದಕ್ಕಿಂತ ದೊಡ್ಡ ಫೈಲ್ ತೆರೆದರೆ ಹಿಂದೆ 'ಫೈಲ್ ಪೂರ್ತಿ ಲೋಡ್ ಆಗಿಲ್ಲ' ಎಂದಷ್ಟೇ ಹೇಳುತ್ತಿತ್ತು. ಅಲ್ಲೇ ಸೇವ್ ಒತ್ತಿದರೆ ಉಳಿದ ಸಾಲುಗಳಿಗೆ ನಮಸ್ಕಾರ. ಈಗಿನ ಆವೃತ್ತಿ 'ಇದನ್ನು ಸೇವ್ ಮಾಡಿದರೆ ಲೋಡ್ ಆಗದ ಡೇಟಾ ಕಳೆದುಕೊಳ್ಳುತ್ತೀರಿ' ಎನ್ನುತ್ತದೆ. ಒಂದೇ ವಾಕ್ಯ, ಆದರೆ ಬೇಕಾದ ವಾಕ್ಯ.

ಇಷ್ಟರ ನಡುವೆ ತಪ್ಪು ಬಟನ್ ಒತ್ತಿದ್ದಕ್ಕೆ ಕೊಡಬೇಕಾದ ಬೆಲೆ ಏರಿದೆ. ಎಕ್ಸ್‌ಪಿ ಕಾಲದಲ್ಲಿ ಫಾರ್ಮ್ಯಾಟ್ ಮಾಡಿದರೂ ಹಾರ್ಡ್ ಡಿಸ್ಕಿನಲ್ಲಿ ಹಳೆಯ ಡೇಟಾ ಹಾಗೇ ಬಿದ್ದಿರುತ್ತಿತ್ತು, ರಿಕವರಿ ತಂತ್ರಾಂಶ ಹಾಕಿ ಎತ್ತಬಹುದಿತ್ತು. ಅದರ ನಂತರ ಬಂದ ವಿಂಡೋಸ್ ವಿಸ್ತಾದಿಂದ ಪೂರ್ಣ ಫಾರ್ಮ್ಯಾಟ್ ಅಂದರೆ ಇಡೀ ಡಿಸ್ಕಿಗೆ ಸೊನ್ನೆ ಬರೆಯುವುದು. ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿಯಲ್ಲಿ ಕ್ವಿಕ್ ಫಾರ್ಮ್ಯಾಟ್ ಕೂಡ 'ಈ ಜಾಗದ ಡೇಟಾ ಇನ್ನು ಬೇಡ' ಎನ್ನುವ ಟ್ರಿಮ್ ಆದೇಶ ಕಳಿಸುತ್ತದೆ, ಆಮೇಲೆ ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ಗೂಢಲಿಪಿ ಇರುವ ಫೋನ್‌ಗಳಲ್ಲಿ ಫ್ಯಾಕ್ಟರಿ ರಿಸೆಟ್ ಮಾಡಿದರೆ ಆ ಗೂಢಲಿಪಿ ಬಿಡಿಸುವ ಕೀಲಿಯೇ ಅಳಿಸಿಹೋಗುತ್ತದೆ. ಐಫೋನ್ ಕೈಕೊಟ್ಟಾಗ ಕಂಪ್ಯೂಟರಿನಲ್ಲಿ 'ಅಪ್‌ಡೇಟ್' ಮತ್ತು 'ರಿಸ್ಟೋರ್' ಬಟನ್‌ಗಳು ಅಕ್ಕಪಕ್ಕ ಬರುತ್ತವೆ. ಮೊದಲನೆಯದು ಡೇಟಾ ಉಳಿಸಿಕೊಂಡು ರಿಪೇರಿಗೆ ಪ್ರಯತ್ನಿಸುತ್ತದೆ, ಎರಡನೆಯದು ಎಲ್ಲವನ್ನೂ ಒರೆಸುತ್ತದೆ.

ಆದ್ದರಿಂದ ಫಾರ್ಮ್ಯಾಟ್ ಕೇಳುವ ಡಿಸ್ಕ್ ಕಂಡರೆ ಮೊದಲು ಕ್ಯಾನ್ಸಲ್. ಬೇರೆ ಕೇಬಲ್, ಬೇರೆ ಕಂಪ್ಯೂಟರ್, ಸಾಧ್ಯವಾದರೆ ಲಿನಕ್ಸ್‌ನಲ್ಲಿ ಒಮ್ಮೆ ನೋಡಿ. ಅಲ್ಲೂ ಓದಲು ಬಾರದಿದ್ದರೆ ಡಿಡಿರೆಸ್ಕ್ಯೂನಂಥ ತಂತ್ರಾಂಶದಿಂದ ಇಡೀ ಡಿಸ್ಕಿನ ನಕಲು ತೆಗೆದು, ರಿಪೇರಿ ಪ್ರಯೋಗಗಳನ್ನೆಲ್ಲ ಆ ನಕಲಿನ ಮೇಲೆ ಮಾಡಿ. ಡಿಸ್ಕ್ ಕಟಕಟ ಶಬ್ದ ಮಾಡುತ್ತಿದ್ದರೆ ಅದೂ ಬೇಡ. ತಕ್ಷಣ ವಿದ್ಯುತ್ ತೆಗೆದು, ರಿಕವರಿ ಗೊತ್ತಿರುವವರ ಕೈಗೆ ಕೊಡಿ.