ವಿಡಿಯೊ ಕನ್ವರ್ಟ್ ಮಾಡುವಾಗ ಕಂಪ್ಯೂಟರ್ ಆಫ್ ಆಗ್ತಿದ್ಯಾ? ಎಷ್ಟು ಹೊತ್ತಿಗೆ ಅಂತ ಮೊದಲು ನೋಡಿ

ಹಳೆ ಮದುವೆ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಲು ಕೂತವರು ನನ್ನ ಹತ್ತಿರ ತರುವ ದೂರು ಹೆಚ್ಚುಕಮ್ಮಿ ಒಂದೇ. "ಬೇರೆ ಕೆಲಸ ಎಲ್ಲಾ ಚೆನ್ನಾಗಿ ಆಗುತ್ತೆ ಸರ್, ವಿಡಿಯೊ ಕನ್ವರ್ಟ್‌ಗೆ ಹಾಕಿದ್ರೆ ಮಾತ್ರ ಸಿಸ್ಟಮ್ ಆಫ್ ಆಗ್ಬಿಡುತ್ತೆ." ನನ್ನ ಹತ್ತಿರ ಬರುವಷ್ಟರಲ್ಲಿ ಅವರು ಸಾಫ್ಟ್‌ವೇರ್ ಬದಲಾಯಿಸಿ, ವೈರಸ್ ಇರಬಹುದು ಅಂತ ಸ್ಕ್ಯಾನ್ ಮಾಡಿ, ಕೊನೆಗೆ ವಿಂಡೋಸನ್ನೇ ಫಾರ್ಮ್ಯಾಟ್ ಮಾಡಿಸಿ ಸುಸ್ತಾಗಿರುತ್ತಾರೆ. ಇದರಲ್ಲಿ ಯಾವುದೂ ಬೇಕಿರಲಿಲ್ಲ. ಕನ್ವರ್ಟ್ ಶುರುವಾಗಿ ಎಷ್ಟು ಹೊತ್ತಿಗೆ ಆಫ್ ಆಯಿತು ಅನ್ನೋದನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡಿದ್ದರೆ ಅರ್ಧ ಕೆಲಸ ಮುಗಿದಿರುತ್ತಿತ್ತು.

ಈ ಕೆಲಸಕ್ಕೇ ಯಾಕೆ ಆಫ್ ಆಗುತ್ತದೆ? ನಮ್ಮ ಟಿವಿ, ಹ್ಯಾಂಡಿಕ್ಯಾಮ್ ಕಾಲದ ಪಾಲ್ ಅನ್ನುವ ಪದ್ಧತಿಯ ವಿಡಿಯೊ ಸೆಕೆಂಡಿಗೆ 25 ಫ್ರೇಮ್ (ಪೂರ್ತಿ ಚಿತ್ರ), ಆದರೆ ಒಂದೊಂದು ಫ್ರೇಮ್‌ನಲ್ಲೂ ಎರಡು ಅರ್ಧ ಚಿತ್ರ. ಬೆಸ ಗೆರೆಗಳು ಒಂದು ಗಳಿಗೆಯವು, ಸಮ ಗೆರೆಗಳು ಸೆಕೆಂಡಿನ 50ನೇ ಒಂದು ಭಾಗದಷ್ಟು ಆಚೀಚಿನವು. ಹಳೆ ಟಿವಿಯಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರ್ ಪರದೆಯಲ್ಲಿ ನೋಡಿದರೆ ಹಾರ ಬದಲಾಯಿಸುವಾಗ, ಅಕ್ಕಿಕಾಳು ಎರಚುವಾಗ ಕೈಗಳ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿರುತ್ತದೆ. ಅದನ್ನು ಸರಿ ಮಾಡೋದೇ ಡಿಇಂಟರ್‌ಲೇಸ್. ಯಾಡಿಫ್‌ನಂಥ ಫಿಲ್ಟರ್ ಇದನ್ನು ಹಗುರವಾಗಿ ಮುಗಿಸುತ್ತದೆ. ಕ್ಯೂಟಿಜಿಎಂಸಿ ಅನ್ನುವ ಇನ್ನೊಂದು ಫಿಲ್ಟರ್ ಹಾಗಲ್ಲ, ಹಿಂದು ಮುಂದಿನ ಫ್ರೇಮ್‌ಗಳಲ್ಲಿ ಯಾವ ಚೂರು ಎಲ್ಲಿಗೆ ಸರಿಯಿತು ಅಂತ ಹುಡುಕಿ ಹುಡುಕಿ ಚಿತ್ರ ಕಟ್ಟುತ್ತದೆ. ಫಲಿತಾಂಶ ನಿಜಕ್ಕೂ ಚೆಂದ, ಆದರೆ ಪ್ರೊಸೆಸರ್‌ಗೆ ಬಹಳ ಭಾರ. ಅದರ ಮೇಲೆ ಸೆಕೆಂಡಿಗೆ 50 ಫ್ರೇಮ್ ಬೇಕು ಅಂದರೆ ಎನ್‌ಕೋಡ್ ಮಾಡಬೇಕಾದ, ಅಂದರೆ ಕುಗ್ಗಿಸಿ ಹೊಸ ಫೈಲ್‌ಗೆ ಬರೆಯಬೇಕಾದ ಫ್ರೇಮ್‌ಗಳೂ ಎರಡು ಪಟ್ಟು. ಪ್ರೊಸೆಸರ್‌ನ ಎಲ್ಲಾ ಕೋರ್‌ಗಳೂ ಗಂಟೆಗಟ್ಟಲೆ ನೂರಕ್ಕೆ ನೂರು ದುಡಿಯುತ್ತವೆ. ಟ್ಯಾಲಿ, ಬ್ರೌಸರ್, ಫೋಟೊಶಾಪ್ ಯಾವುದೂ ಯಂತ್ರವನ್ನು ಇಷ್ಟು ಹೊತ್ತು ಹೀಗೆ ದುಡಿಸೋದಿಲ್ಲ. ಮೊದಲೇ ಒಳಗಿದ್ದ ದೋಷ ಇಲ್ಲಿ ಹೊರಬರುತ್ತದೆ, ಅಷ್ಟೇ.

ಈಗ ಹೊತ್ತಿನ ವಿಷಯ. ಸ್ಟಾರ್ಟ್ ಒತ್ತಿದ ಕೆಲವೇ ಸೆಕೆಂಡಿನಲ್ಲಿ ಟಪ್ ಅಂತ ಆಫ್ ಆದರೆ ನನ್ನ ಅನುಮಾನ ಮೊದಲು ಹೋಗೋದು ಕರೆಂಟಿನ ಕಡೆಗೆ. ಹತ್ತಿಪ್ಪತ್ತು ನಿಮಿಷ ಓಡಿ ನಿಂತು, ತಕ್ಷಣ ಮತ್ತೆ ಆನ್ ಮಾಡಿ ಹಾಕಿದರೆ ಎರಡನೇ ಸಲ ಇನ್ನೂ ಬೇಗ ನಿಂತರೆ ಅದು ಬಿಸಿ. ಪ್ರತಿ ಸಲವೂ ವಿಡಿಯೊದ ಅದೇ ಜಾಗದಲ್ಲಿ ನಿಂತರೆ, ಅದೂ ಕಂಪ್ಯೂಟರ್ ಆನ್ ಇದ್ದು ಸಾಫ್ಟ್‌ವೇರ್ ಮಾತ್ರ ಮುಚ್ಚಿಕೊಂಡರೆ, ಫೈಲ್‌ನಲ್ಲೇ ಆ ಜಾಗ ಕೆಟ್ಟಿರಬಹುದು.

ಕರೆಂಟ್ ಅಂದಾಗ ಎಲ್ಲರೂ ಎಸ್‌ಎಂಪಿಎಸ್, ಅಂದರೆ ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ, ಬದಲಾಯಿಸಲು ಓಡುತ್ತಾರೆ. ಸ್ವಲ್ಪ ತಡೆಯಿರಿ, ಮೊದಲು ಯುಪಿಎಸ್ ನೋಡಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡೋದು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ, ಮಾನಿಟರ್, ಎರಡು ಹೊರಗಿನ ಹಾರ್ಡ್ ಡಿಸ್ಕ್ ಎಲ್ಲಾ ಅದರ ಮೇಲಿದ್ದರೆ ಪೂರ್ತಿ ಲೋಡ್‌ನಲ್ಲಿ ಆ ಗಡಿ ಹತ್ತಿರ ಬಂದಿರುತ್ತದೆ. ಬ್ಯಾಟರಿ ಹಳೇದಾಗಿದ್ದರೆ ಇನ್ನೂ ಕಷ್ಟ. ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಯುಪಿಎಸ್ ಅರೆಗಳಿಗೆ ಬ್ಯಾಟರಿಗೆ ಹೊರಳುತ್ತದೆ. ನೀವು ಸುಮ್ನೆ ಮೇಲ್ ನೋಡುತ್ತಿದ್ದರೆ ಆ ಬ್ಯಾಟರಿ ಹೇಗೋ ತಡೆಯುತ್ತದೆ, ಕನ್ವರ್ಟ್ ಓಡುತ್ತಿದ್ದರೆ ಕೈ ಕೊಡುತ್ತದೆ. ಗುರುತು ಹಿಡಿಯೋದು ಸುಲಭ. ಮಾನಿಟರ್ ಕೂಡ ಅದೇ ಯುಪಿಎಸ್ ಮೇಲಿದ್ದರೆ ಅದರ ಪವರ್ ದೀಪ ನೋಡಿ. ಕ್ಯಾಬಿನೆಟ್ ಜೊತೆಗೆ ಮಾನಿಟರ್ ದೀಪವೂ ಪೂರ್ತಿ ಆರಿದರೆ ತಪ್ಪು ಯುಪಿಎಸ್‌ದು. ದೀಪ ಉರಿಯುತ್ತಿದ್ದು 'ಸಿಗ್ನಲ್ ಇಲ್ಲ' ಅಂತ ಬಂದರೆ ತೊಂದರೆ ಕ್ಯಾಬಿನೆಟ್ ಒಳಗಿದೆ. ಆಗ ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡಬಹುದು. ಹಳೆಯದನ್ನು ಬಿಚ್ಚಿ ರಿಪೇರಿಗೆ ಕೈ ಹಾಕಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯ ಆಗುವಷ್ಟು ಕರೆಂಟ್ ಉಳಿದಿರುತ್ತದೆ.

ಬಿಸಿಯ ಕಥೆ ಬೇರೆ. ಈಗಿನ ಪ್ರೊಸೆಸರ್‌ಗಳು ಬಿಸಿಯಾದ ಕೂಡಲೇ ಆಫ್ ಆಗೋದಿಲ್ಲ, 95ರಿಂದ 100 ಡಿಗ್ರಿ ಹತ್ತಿರ ಬಂದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ. ಅದನ್ನೂ ಮೀರಿ ಆಫ್ ಆಗುತ್ತಿದೆ ಅಂದರೆ ಬಿಸಿ ಹೊರಹೋಗುವ ದಾರಿಯೇ ಕಟ್ಟಿದೆ. ಕ್ಯಾಬಿನೆಟ್ ಬಿಚ್ಚಿ ಫ್ಯಾನ್ ತೆಗೆದು ನೋಡಿ. ಫ್ಯಾನ್ ಮೇಲಿಂದ ಸ್ವಚ್ಛವಾಗಿಯೇ ಕಾಣುತ್ತದೆ, ಧೂಳು ಕೂತಿರೋದು ಅದರ ಕೆಳಗೆ, ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕ್‌ನ ರೆಕ್ಕೆಗಳ ಬಾಯಿಗೆ ಕಂಬಳಿ ಹೊದಿಸಿದಂತೆ. ಇಂಟೆಲ್ ಜೊತೆ ಬರುವ ಕೂಲರ್ ಆದರೆ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ. ಒಂದು ಪಿನ್ ಬೋರ್ಡ್‌ನಿಂದ ಎದ್ದಿದ್ದರೂ ಹೀಟ್‌ಸಿಂಕ್ ಒಂದು ಕಡೆ ವಾಲಿ ಪ್ರೊಸೆಸರ್‌ಗೆ ಸರಿಯಾಗಿ ತಾಗಿರೋದಿಲ್ಲ. ಅವೆರಡರ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಾಕಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದ ಹಾಗೆ ಹಿಡಿದುಕೊಳ್ಳಿ. ಪ್ರೊಸೆಸರ್ ತಣ್ಣಗಿದ್ದರೂ ಆಫ್ ಆಗುತ್ತಿದ್ದರೆ, ಕಡಿಮೆ ಬೆಲೆಯ ಮದರ್‌ಬೋರ್ಡ್ ಮೇಲೆ ಎಂಟು ಕೋರ್ ಪ್ರೊಸೆಸರ್ ಕೂರಿಸಿದ್ದಾರಾ ನೋಡಿ. ಅಲ್ಲಿ ಪ್ರೊಸೆಸರ್‌ಗೆ ಕರೆಂಟ್ ಕೊಡುವ ಭಾಗ ಕಾದು ಹೋಗುತ್ತದೆ.

ಆಫ್ ಆದ ಮೇಲೆ ಪರದೆಯಲ್ಲಿ ಏನೂ ಉಳಿಯಲ್ಲ ಅಲ್ವಾ, ಅದಕ್ಕೆ ಯಂತ್ರದ ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂಇನ್ಫೊ ಸಾಫ್ಟ್‌ವೇರ್ ಹಾಕಿಕೊಂಡು ಅದರಲ್ಲಿ ಲಾಗಿಂಗ್ ಆನ್ ಮಾಡಿ ಕನ್ವರ್ಟ್ ಶುರು ಮಾಡಿ. ಉಷ್ಣತೆಗಳನ್ನು ಫೈಲ್‌ಗೆ ಬರೆಯುತ್ತಾ ಹೋಗುತ್ತದೆ. ಮತ್ತೆ ಆನ್ ಆದ ಮೇಲೆ ಕೊನೆಯ ಕೆಲವು ಸಾಲು ಓದಿ. 65 ಡಿಗ್ರಿಯಲ್ಲೇ ನಿಂತಿದ್ದರೆ ಪ್ರೊಸೆಸರ್ ಬಿಸಿಯ ಮೇಲೆ ಗೂಬೆ ಕೂರಿಸುವಂತಿಲ್ಲ. ವಿಂಡೋಸ್ ತನ್ನ ಘಟನೆಗಳನ್ನು ನಂಬರ್ ಹಾಕಿ ಬರೆದಿಡುವ ಈವೆಂಟ್ ವ್ಯೂವರ್ ಕೂಡ ತೆರೆಯಿರಿ. ಕರ್ನಲ್ ಪವರ್ 41 ಅಂತ ಕಂಡರೆ ಅದು ಕಾರಣ ಹೇಳುತ್ತಿಲ್ಲ, ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಅಂತಷ್ಟೇ ಹೇಳುತ್ತಿದೆ. ವಿವರದಲ್ಲಿ ಬಗ್‌ಚೆಕ್ ಕೋಡ್ 0 ಇದ್ದರೆ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆಯ ದಾಖಲೆ ಇಲ್ಲ, ಕರೆಂಟ್ ಅಥವಾ ಬಿಸಿಯ ಕಡೆಗೇ ಜಾಸ್ತಿ ಅನುಮಾನ. ಬೇರೆ ಅಂಕಿ ಇದ್ದರೆ ರ‍್ಯಾಮ್, ಡ್ರೈವರ್ ಪರೀಕ್ಷೆ ಮಾಡಬೇಕು. ಘಟನೆಯ ನಂಬರ್ 1074 ಕಂಡರೆ ಯಾವುದೋ ಪ್ರೋಗ್ರಾಂ ತಾನಾಗಿ ಶಟ್‌ಡೌನ್ ಕೇಳಿದೆ, ಅದರ ಹೆಸರೂ ಅಲ್ಲೇ ಇರುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟ್ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದರಲ್ಲಿ ಕೆಲಸ ಮುಗಿದ ಮೇಲೆ ಶಟ್‌ಡೌನ್ ಮಾಡು ಅನ್ನುವ ಆಯ್ಕೆ ಆನ್ ಇದೆಯಾ ಅಂತ ನೋಡಿಬಿಡಿ.

ರಿಪೇರಿಗೆ ಸಮಯವಿಲ್ಲ, ನಾಳೆಯೇ ವಿಡಿಯೊ ಕೊಡಬೇಕು ಅಂದರೆ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿ. ಸಾಮಾನ್ಯವಾಗಿ ಪ್ರೊಸೆಸರ್ ತನ್ನ ವೇಗವನ್ನು ತಾನೇ ಏರಿಸಿಕೊಳ್ಳುವ ಟರ್ಬೊ ನಿಂತು ಬಿಸಿಯೂ ಕರೆಂಟಿನ ಎಳೆತವೂ ಚೆನ್ನಾಗಿ ಇಳಿಯುತ್ತವೆ, ಕೆಲಸ ಸ್ವಲ್ಪ ನಿಧಾನ ಆಗುತ್ತದೆ. ಇಷ್ಟು ಮಾಡಿದ ಕೂಡಲೇ ಪೂರ್ತಿ ಓಡಿತು ಅಂದರೆ ಸಾಫ್ಟ್‌ವೇರ್ ಮೇಲೆ ಅನುಮಾನ ಪಡೋದನ್ನು ಬಿಟ್ಟುಬಿಡಿ.

ಯಂತ್ರ ಸರಿಯಾಗುವವರೆಗೆ ಎಂಪಿ4 ಬದಲು ಎಂಕೆವಿ ಅನ್ನುವ ಫೈಲ್ ಬಗೆಗೆ ಕನ್ವರ್ಟ್ ಮಾಡಿ. ಎಂಪಿ4ನಲ್ಲಿ ಫೈಲ್‌ನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ, ಮಧ್ಯೆ ಆಫ್ ಆದರೆ ಮೂರು ಗಂಟೆ ಓಡಿದ್ದೂ ತೆರೆಯೋದೇ ಇಲ್ಲ. ಎಂಕೆವಿ ಆದರೆ ಆಗಿರುವಷ್ಟು ಭಾಗ ಸಾಮಾನ್ಯವಾಗಿ ನೋಡಲು ಸಿಗುತ್ತದೆ. ಇನ್ನು ಕ್ಯಾಸೆಟ್‌ನಿಂದ ಇಳಿಸಿಕೊಂಡ ಮೂಲ ಡಿವಿ ಫೈಲ್, ಗಂಟೆಗೆ ಸುಮಾರು 13 ಜಿಬಿ ಬರುತ್ತದೆ, ಜಾಗ ಸಾಲದು ಅಂತ ಅದನ್ನು ಅಳಿಸಬೇಡಿ. ಟೇಪ್ ಮತ್ತೊಮ್ಮೆ ಓಡುತ್ತದೆ ಅನ್ನುವ ಭರವಸೆ ಇಲ್ಲ.